ತೂಕದ ಪೆಟ್ಟಿಗೆ

ಏಳನೇ ಶಾಫ್ಟ್ ರಸ್ತೆ, ಕಾಲಿಯೋ ಹಾರ್ಬರ್, ಮಿಷಿಗನ್
14 ನವೆಂಬರ್ 1995

ಪ್ರಿಯ ಜೇಬ್,

ನೀವು ಅರಿಜೋನಾಕ್ಕೆ ಹೋಗಿ ಇನ್ನೂ ತಿಂಗಳಾಗಿಲ್ಲ, ಅಷ್ಟರಲ್ಲೇ ರಸ್ತೆ ಮಂಡಳಿ ತನ್ನ ಬುದ್ಧಿ ತೋರಿಸಿದೆ. ನನ್ನ ಗೇಟಿನಿಂದ ನಿಮ್ಮ ಮನೆಯವರೆಗಿನ ಅರ್ಧ ಮೈಲಿ ಇನ್ನು ಮೇಲೆ ‘ಬೇಸಿಗೆ ರಸ್ತೆ’ಯಂತೆ. ಅಂದರೆ ಚಳಿಗಾಲ ಪೂರ್ತಿ ಅವರ ಲಾರಿ ನನ್ನ ಗೇಟಿನಲ್ಲೇ ತಿರುಗಿ ಹೋಗುತ್ತದೆ. ಲಾರಿ ಹಿಮ ತೆಗೆಯದಿದ್ದರೆ ಅಲ್ಲಿಗೆ ಟಪಾಲಿಲ್ಲ, ಗ್ಯಾಸಿಲ್ಲ, ಆಂಬುಲೆನ್ಸಿಲ್ಲ. ಏಪ್ರಿಲ್‌ನಲ್ಲಿ ನೀವು ವಾಪಸು ಬಂದರೂ ಮುಂದಿನ ಚಳಿಗಾಲ ಆ ಮನೆಯಲ್ಲಿ ಇರುವುದು ಹೇಗೆ? ಒಮ್ಮೆ ಬೇಸಿಗೆ ರಸ್ತೆಯಾದದ್ದು ಮತ್ತೆ ಚಳಿಗಾಲದ ರಸ್ತೆಯಾದದ್ದನ್ನು ನಾನು ಈ ಎಪ್ಪತ್ತೊಂದು ವರ್ಷದಲ್ಲಿ ಕಂಡಿಲ್ಲ.

ಅವರು ಕೊಟ್ಟ ಕಾರಣ: ಆ ತುಂಡಿನಲ್ಲಿ ಚಳಿಗಾಲದಲ್ಲಿ ಯಾರೂ ವಾಸವಿಲ್ಲ. ಒಬ್ಬ ಮನುಷ್ಯ ಒಂದು ಚಳಿಗಾಲ ಮಗಳ ಮನೆಗೆ ಹೋದರೆ ಅವನ ವಾಸವೇ ಅಳಿಸಿಹೋಯಿತೇ? ನಿಮ್ಮ ಅಜ್ಜ ಮತ್ತು ನನ್ನ ಅಜ್ಜ ತಾಮ್ರದ ಗಣಿಯಲ್ಲಿ ವಾರವಿಡೀ ದುಡಿದು, ಭಾನುವಾರ ಕೂಲಿಯಿಲ್ಲದೆ ಹಾಕಿದ ರಸ್ತೆ ಅದು. 1938ರ ಹಿಮದಲ್ಲಿ ಕುದುರೆ ಕಟ್ಟಿ ಉರುಳೆ ಎಳೆದು ಅದನ್ನು ತೆರೆದಿಟ್ಟಿದ್ದರು. ಇವರಿಗೆ ಲಾರಿಯಿದ್ದೂ ಆಗುವುದಿಲ್ಲವಂತೆ.

ಮಂಡಳಿಯ ಅಧ್ಯಕ್ಷ ಈಗ ಡ್ವೇನ್ ಕೆಟೋಲಾ. ಎಂಟನೇ ತರಗತಿಯಲ್ಲಿ ನಾನು ಇತಿಹಾಸದ ಪ್ರಶ್ನೆ ಕೇಳಿದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದವನು. ನೇರವಾಗಿ ಅವನ ಕಚೇರಿಗೇ ಹೋದೆ.

“ಟೀಚರ್, ಖಾಲಿ ಮನೆಗೆ ಯಾಕೆ ಹಿಮ ತೆಗೀಬೇಕು ಹೇಳಿ?” ಅಂದ.

“ನಿನ್ನ ತಲೇನೂ ಖಾಲಿ ಇತ್ತು ಕಣೋ. ಮೂರು ವರ್ಷ ಅಲ್ಲಿನ ಹಿಮ ತೆಗೀಲಿಲ್ವಾ ನಾನು?” ಅಂದೆ.

ಗುಮಾಸ್ತೆ ಹುಡುಗಿ ಕೆಮ್ಮಿದಂತೆ ಮಾಡಿ ನಕ್ಕಳು. ಕೊನೆಗೆ ಅವನು ಒಂದು ಮಾತಿಗೆ ಇಳಿದ: “ಆಯ್ತು, ನೀವೇ ತೆರೆದಿಟ್ಕೊಳ್ಳಿ. ಮಾರ್ಚ್ ಮೊದಲ ವಾರ ನಮ್ಮ ಲಾರಿ ಕೊನೇವರ್ಗೂ ಹೋಗಿ ತಿರುಗಿ ಬಂದ್ರೆ ಹಿಮ ತೆಗೆಯೋ ಪಟ್ಟಿಯಲ್ಲಿ ಉಳಿಸೋಣ. ಸಿಕ್ಕಿಹಾಕ್ಕೊಂಡ್ರೆ ಮುಗೀತು.”

ಹಾಗಾಗಿ ನಿಮ್ಮ ಕೊಟ್ಟಿಗೆಯಿಂದ ಆ ಪುಟ್ಟ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ತೆಗೆದು, ಮುಂದೆ ಹಿಮ ತಳ್ಳುವ ಬ್ಲೇಡು ಕಟ್ಟಿ, ನಿನ್ನೆ ಹೊರಟೆ. ಮೊಣಕಾಲು ಮುಳುಗದಷ್ಟು ಹಿಮ. ಎಂಜಿನ್ನು ಹುಲಿಯಂತೆ ಕೂಗುತ್ತದೆ, ಹಿಂದಿನ ಚಕ್ರ ಇದ್ದಲ್ಲೇ ಬುಗುರಿ ಆಡುತ್ತದೆ. ಆಮೇಲೆ ನನ್ನನ್ನೂ ಕೂರಿಸಿಕೊಂಡು ಮೆಲ್ಲಗೆ ಚರಂಡಿಯ ಕಡೆ ಜಾರಿತು. ಟೈರು ನನ್ನ ಅಂಗೈಯಷ್ಟು ನುಣುಪು. ಇದಕ್ಕೆ ಹಿಡಿತ ಬರಿಸುವುದು ಹೇಗೆ? ಬೇಗ ಬರೆಯಿರಿ.

ಲೆಂಪಿ ಹೌಟಾಲಾ


ಮೇಸಾ, ಅರಿಜೋನಾ
24 ನವೆಂಬರ್

ಟೀಚರಮ್ಮನವರಿಗೆ,

ನಿಮ್ಮ ಕಾಗದವನ್ನು ಮಗಳು ನೋರೀನ್ ಎರಡು ಸಲ ಓದಿ ಹೇಳಿದಳು. ನನ್ನ ಕಣ್ಣಿಗೆ ಈಗ ನಿಮ್ಮ ಸಣ್ಣ ಅಕ್ಷರ ಕಾಣುವುದಿಲ್ಲ. ಮೊದಲು ಒಂದು ಮಾತು. ಒಂದು ಖಾಲಿ ಮನೆಗಾಗಿ ನೀವು ಸೊಂಟ ಮುರಿದುಕೊಳ್ಳಬೇಕಾಗಿಲ್ಲ. ಡ್ವೇನ್ ಹೇಳುವುದರಲ್ಲೂ ಅಲ್ಪಸ್ವಲ್ಪ ನ್ಯಾಯವಿದೆ. ಬಿಟ್ಟುಬಿಡಿ.

ಬಿಡುವುದಿಲ್ಲ ಎಂದು ಗೊತ್ತು. ಆದ್ದರಿಂದ ಕೇಳಿ.

ಕೊಟ್ಟಿಗೆಯ ಬಾಗಿಲ ಹಿಂದೆ ಮೊಳೆಗೆ ಚೈನುಗಳು ತೂಗುತ್ತಿವೆ. ನೆಲದ ಮೇಲೆ ನೇರವಾಗಿ ಹಾಸಿ ಸಿಕ್ಕು ಬಿಡಿಸಿ. ಟೈರಿನ ಮೇಲೆ ಹೊದಿಸಿ, ಕೊಕ್ಕೆ ಹಾಕಿ, ಹತ್ತು ಮಾರು ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ಮೊದಲ ಬಿಗಿ ಎಂದೂ ನಿಜವಾದ ಬಿಗಿಯಲ್ಲ. ಟೈರಿನೊಳಗೆ ದ್ರವ ತುಂಬಿಸಿ, ಆದರೆ ಬರೀ ನೀರು ಬೇಡ, ಕಲ್ಲಾಗಿಬಿಡುತ್ತದೆ. ಕಾರಿನ ಗಾಜು ತೊಳೆಯುವ ನೀಲಿ ದ್ರವ ಸಾಕು. ವಾಲ್ವ್ ಮೇಲಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ, ಮುಕ್ಕಾಲು ತುಂಬಿಸಿ. ಗಾಳಿ ಗಟ್ಟಿಯಾಗಿರಲಿ.

ಕೊನೆಯದು, ಹಿಂದುಗಡೆಯ ತೂಕ. ಬ್ಲೇಡಿನ ಭಾರ ಮುಂದಕ್ಕೆ ಎಳೆಯುವಾಗ ಹಿಂದಿನ ಚಕ್ರ ನೆಲ ಬಿಡಲು ನೋಡುತ್ತದೆ. ಅದಕ್ಕೇ ಹಿಂದೆ ಆ ಮರದ ಪೆಟ್ಟಿಗೆ ಕಟ್ಟಿರುವುದು. ಮರಳಿನ ಚೀಲ ಇಡಿ. ಮೊದಲ ವರ್ಷ ಚೀಲವಿರಲಿಲ್ಲ. ವಿನಿಯೇ ಪೆಟ್ಟಿಗೆಯ ಮೇಲೆ ಕಂಬಳಿ ಹೊದ್ದು ಕುಳಿತಿರುತ್ತಿದ್ದಳು. “ಮದ್ವೆ ಆಗಿದ್ದು ಇದಕ್ಕೇನಾ?” ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಆ ವರ್ಷ ಒಮ್ಮೆಯೂ ಚಕ್ರ ಜಾರಲಿಲ್ಲ.

ಈಗಲೇ ಹಿಮವನ್ನು ಅಂಚಿನಾಚೆ ದೂರ ತಳ್ಳಿ. ಈಗ ಹತ್ತಿರ ಬಿಟ್ಟರೆ ಆ ದಿಬ್ಬ ಹೆಪ್ಪುಗಟ್ಟಿ, ಫೆಬ್ರವರಿಗೆ ರಸ್ತೆ ಕಾಲುದಾರಿಯಾಗುತ್ತದೆ.

ಇಲ್ಲಿ ಅಂಗಳದಲ್ಲಿ ಹುಲ್ಲಿನ ಬದಲು ಜಲ್ಲಿಕಲ್ಲು ಹಾಕಿದ್ದಾರೆ. ಶನಿವಾರ ಸಂಜೆ ನಿಮ್ಮ ಸೌನಾದ ಹೊಗೆ ಕಾಣದೆ ವಾರ ಮುಗಿಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ನೀವು ಫಿನ್ನರು ಕಾದ ಕಲ್ಲಿಗೆ ನೀರು ಸುರಿದು, ಆ ಹಬೆಯಲ್ಲಿ ಬೆವರಿ ಸ್ನಾನ ಮಾಡುವುದು ಯಾಕೆಂದು ನನಗೆ ಇನ್ನೂ ತಿಳಿದಿಲ್ಲ. ಇಲ್ಲಂತೂ ಮನೆಯಿಂದ ಹೊರಗೆ ಬಂದರೇ ಸಾಕು.

ಜೇಬ್ ಪೆನ್‌ಹೇಲ್


ಕಾಲಿಯೋ ಹಾರ್ಬರ್
10 ಡಿಸೆಂಬರ್

ಪ್ರಿಯ ಜೇಬ್,

ಚೈನು ಹಾಕಿದೆ. ಮೊದಲ ಸಲ ತಿರುವುಮುರುವಾಗಿ ಹಾಕಿದ್ದರಿಂದ ಕೊಕ್ಕೆಗಳೆಲ್ಲ ಟೈರಿಗೆ ಚುಚ್ಚುತ್ತಿದ್ದವು. ಬಿಚ್ಚಿ ಮತ್ತೆ ಹಾಕಿದೆ. ದ್ರವ ತುಂಬಿಸಲು ಪೇಟೆಯ ಟೈರ್ ಅಂಗಡಿಗೆ ಚಕ್ರಗಳನ್ನು ಹೊತ್ತೊಯ್ದೆ. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ.

“ಅಜ್ಜೀ, ಇದ್ರಲ್ಲಿ ಹುಲ್ಲು ಕತ್ತರಿಸ್ತಾರೆ. ಹಿಮ ತೆಗೆಯೋಕೆ ಲಾರಿ ಬೇಕು.”

“ಲಾರಿ ಇದೆ ಕಣಪ್ಪ. ಕಳಿಸೋ ಮನಸ್ಸಿಲ್ಲ ಅವರಿಗೆ. ನೀನು ತುಂಬಿಸ್ತೀಯೋ, ಇಲ್ಲಾ ಕೊಳವೆ ಕೊಡ್ತೀಯೋ?”

ತುಂಬಿಸಿಕೊಟ್ಟ. ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಮಾತು ಕೇಳಲಿಲ್ಲ. ಗಾಳಿ ಗಟ್ಟಿಯಾಗಿದ್ದರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ ಎಂದು ಗ್ರಂಥಾಲಯದ ಪುಸ್ತಕದಲ್ಲಿ ಓದಿದೆ. ಸ್ವಲ್ಪ ಇಳಿಸಿ ನೋಡಿದೆ. ಹಿಮದ ಮೇಲಿನ ಗುರುತು ಅಗಲವಾಯಿತು, ಜಾರುವುದು ಕಡಿಮೆಯಾಯಿತು. ನಲವತ್ತು ವರ್ಷ ನೀವು ಗಟ್ಟಿ ಗಾಳಿಯಲ್ಲೇ ಓಡಿಸಿದಿರಿ ಎಂದರೆ ಅದು ವಿನಿಯ ಪುಣ್ಯ.

ಮರಳಿನ ಕತೆ ಬೇರೆ. ಮಂಡಳಿಯ ಅಂಗಳದಲ್ಲಿ ಊರಿನವರಿಗೆಂದೇ ಮರಳು ರಾಶಿ ಹಾಕಿದ್ದಾರಲ್ಲ, ಬಕೆಟ್ ಹಿಡಿದು ಹೋದೆ. ಕಾವಲಿನವನು ಯಾವ ರಸ್ತೆಗೆ ಎಂದು ಕೇಳಿದ. ಹೇಳಿದೆ. “ಅದು ಪಟ್ಟಿಯಿಂದ ಹೋಗಿದೆಯಲ್ಲ ಟೀಚರ್, ಆ ರಸ್ತೆಗೆ ಮರಳಿಲ್ಲ” ಅಂದ. ಈ ಕೌಂಟಿಗೆ ಐವತ್ತು ವರ್ಷ ತೆರಿಗೆ ಕಟ್ಟಿದ್ದೇನೆ, ಒಂದು ಬಕೆಟ್ ಮರಳಿಗೆ ಬೇಡಲು ಹೋಗುವುದಿಲ್ಲ. ಕಲ್ಲು ಸಿಕ್ಕಿತು. ಗೋಣಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸಿದ್ದೇನೆ, ಅಲುಗುವುದಿಲ್ಲ. ನಿಮ್ಮ ಮನೆಯ ಮುಂದಿನ ಏರಿನಲ್ಲಿ ಒಲೆಯ ಬೂದಿ ಎರಚುತ್ತೇನೆ. ಶುಕ್ರವಾರ ನಿಮ್ಮ ಬಾಗಿಲಿನವರೆಗೂ ಹೋಗಿ ಬಂದೆ. ಮಾಡು ಸೋರಿಲ್ಲ. ಅಡುಗೆಮನೆಯ ಗಡಿಯಾರ ನಿಂತಿದೆ, ಕೀ ಕೊಟ್ಟು ಬಂದೆ.

ಏಪ್ರಿಲ್‌ನಲ್ಲಿ ಯಾವ ವಾರ ಬರುವಿರಿ? ಹೋಗುವಾಗ ನಾನು ಪ್ಯಾಸ್ಟಿ ಕಡುಬು ಕಟ್ಟಿಕೊಟ್ಟ ತಗಡಿನ ಡಬ್ಬಿ ಮರೆಯಬೇಡಿ.

ಲೆಂಪಿ


ಮೇಸಾ
22 ಡಿಸೆಂಬರ್

ಟೀಚರಮ್ಮನವರಿಗೆ,

ಗಾಳಿಯ ವಿಷಯ ಒಪ್ಪಿದೆ. ಇದನ್ನು ಪೇಟೆಯಲ್ಲಿ ಯಾರಿಗೂ ಹೇಳಬೇಡಿ.

ಬ್ಲೇಡನ್ನು ನೇರ ಹಿಡಿಯಬೇಡಿ, ಓರೆ ಇರಲಿ. ಹಿಮ ತಾನಾಗಿ ಪಕ್ಕಕ್ಕೆ ಉರುಳುತ್ತದೆ, ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ದಿಬ್ಬಕ್ಕೆ ಓಡಿಬಂದು ಗುದ್ದಬೇಡಿ. ಬ್ಲೇಡಿಗೆ ಮೇಣ ತಿಕ್ಕಿದರೆ ಹಿಮ ಅಂಟುವುದಿಲ್ಲ.

ಆದರೆ ಕಲ್ಲು ಎಲ್ಲಿ ಸಿಕ್ಕಿತು? ಡಿಸೆಂಬರಿನಲ್ಲಿ ಸರೋವರದ ದಂಡೆಯೆಲ್ಲ ಹಿಮದಡಿ ಇರುತ್ತದೆ. ಗಣಿಯವರು ಸುರಿದ ಕಲ್ಲಿನ ತಿಪ್ಪೆಗೆ ಹತ್ತಿ ಹೋಗಿದ್ದರೆ ದಯವಿಟ್ಟು ಇನ್ನು ಹೋಗಬೇಡಿ, ಅಲ್ಲಿ ಕಾಲು ಜಾರುತ್ತದೆ.

ನೋರೀನ್ ನನ್ನ ಕೋಣೆಗೆ ಹೊಸ ಬಣ್ಣ ಹೊಡೆಸುತ್ತಿದ್ದಾಳೆ. ಯಾವ ಬಣ್ಣ ಬೇಕು ಎಂದು ಕೇಳಿದಳು. ಯಾವುದಾದರೂ ಆದೀತು ಎಂದೆ. ಇಲ್ಲಿ ಪ್ಯಾಸ್ಟಿ ಎಂದು ಮಾರುವುದರಲ್ಲಿ ಮೆಣಸಿನಕಾಯಿ ಇರುತ್ತದೆ. ನೀವು ಕ್ಯಾರೆಟ್ ಹಾಕುವುದನ್ನು ಹಂಗಿಸುತ್ತಿದ್ದೆನಲ್ಲ, ಅದು ತಪ್ಪಾಯಿತು.

ಹಬ್ಬದ ಶುಭಾಶಯಗಳು.

ಜೇಬ್


ಕಾಲಿಯೋ ಹಾರ್ಬರ್
17 ಜನವರಿ 1996

ಶ್ರೀ ಪೆನ್‌ಹೇಲ್ ಅವರಿಗೆ,

ನಿನ್ನೆ ರಸ್ತೆ ಮಂಡಳಿಯ ಸಭೆ ಇತ್ತು. 1907ರಿಂದ ಆ ರಸ್ತೆಯ ಇತಿಹಾಸ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತು, ಎಲ್ಲರೆದುರು, ‘ಅಲ್ಲಿ ವಾಸವಿಲ್ಲ’ ಎಂಬ ಸುಳ್ಳನ್ನು ಮಂಡಳಿಗೆ ಹೇಳಿದವರು ಯಾರು ಎಂದು ಕೇಳಿದೆ.

ಡ್ವೇನ್ ತಲೆ ತಗ್ಗಿಸಿದ. “ಟೀಚರ್, ಬೇಡ ಬಿಡಿ, ಮನೇಲಿ ಮಾತಾಡೋಣ” ಅಂದ.

“ಇಲ್ಲೇ ಹೇಳು.”

“ಜೇಬೇ ಹೇಳಿದ್ದು ಟೀಚರ್. ಅಕ್ಟೋಬರ್‌ನಲ್ಲಿ ಫೋನ್ ಮಾಡಿದ್ರು. ಇನ್ನು ಬರಲ್ಲ, ಮನೆ ಮಾರ್ತೀನಿ, ನನ್ ಸಲುವಾಗಿ ಲಾರಿ ಕಳಿಸ್ಬೇಡಿ ಅಂದ್ರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನು ಇತಿಹಾಸದ ಹಾಳೆ ಮಡಚಿಟ್ಟುಕೊಂಡು ಬಂದೆ. ಜನ್ಮದಲ್ಲಿ ಮೊದಲ ಸಲ ಡ್ವೇನ್ ಕೆಟೋಲಾನ ಉತ್ತರ ಸರಿಯಾಗಿತ್ತು.

ಟ್ರ್ಯಾಕ್ಟರ್ ನಿಮ್ಮ ಕೊಟ್ಟಿಗೆಯಲ್ಲಿದೆ. ಕೀಲಿ ಮೊಳೆಗೆ ಹಾಕಿದ್ದೇನೆ.

ಲೆಂಪಿ ಹೌಟಾಲಾ


ಮೇಸಾ
29 ಜನವರಿ

ಲೆಂಪಿಯವರಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ, ಸಾಲು ವಕ್ರವಾದರೆ ಕ್ಷಮಿಸಿ. ಡ್ವೇನ್ ಹೇಳಿದ್ದು ನಿಜ.

ಹೋದ ಮಾರ್ಚಿನ ಹಿಮಗಾಳಿಗೆ ಲಾರಿಯೂ ಬಾರದ ದಿನ ಕೊಟ್ಟಿಗೆಯಲ್ಲಿ ಬಿದ್ದು ಏಳಲಾರದೆ ಇದ್ದಾಗ, ನೀವು ನನ್ನನ್ನು ಸೌದೆ ಎಳೆಯುವ ಜಾರುಗಾಡಿಯ ಮೇಲೆ ಹಾಕಿಕೊಂಡು ಹೆದ್ದಾರಿಯವರೆಗೆ ಎಳೆದಿರಿ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಮೊಣಕಾಲು ನೋಡುತ್ತಿದ್ದರು. ನಾನು ಹಗ್ಗ ಕೊಯ್ದ ನಿಮ್ಮ ಕೈ ನೋಡುತ್ತಿದ್ದೆ. ಅಲ್ಲೇ ಇದ್ದರೆ ಮತ್ತೊಮ್ಮೆ ನೀವೇ ಎಳೆಯಬೇಕಾಗುತ್ತದೆ. ಅಷ್ಟೇ ಕಾರಣ.

ಹೊರಟ ದಿನ ಹೇಳಬೇಕೆಂದೇ ನಿಮ್ಮ ಗೇಟಿನ ಬಳಿ ಕಾರು ನಿಲ್ಲಿಸಿದ್ದು. ನೀವು ಪ್ಯಾಸ್ಟಿಯ ಡಬ್ಬಿ ಕೈಗಿಟ್ಟು, “ಏಪ್ರಿಲ್‌ನಲ್ಲಿ ಡಬ್ಬಿ ವಾಪಸ್ ತನ್ನಿ” ಅಂದಿರಿ. ಡಬ್ಬಿ ತೆಗೆದುಕೊಂಡು, ಹೇಳದೆಯೇ ಹೊರಟೆ.

ಜೇಬ್


ಮೇಸಾ
13 ಫೆಬ್ರವರಿ

ಲೆಂಪಿಯವರಿಗೆ,

ಉತ್ತರ ಬರಲಿಲ್ಲ. ಬರಬೇಕೆಂದೂ ಇಲ್ಲ. ಇದು ಟ್ರ್ಯಾಕ್ಟರಿನ ವಿಷಯ ಮಾತ್ರ.

ಅದನ್ನು ಸುಮ್ಮನೆ ನಿಲ್ಲಿಸಿಟ್ಟಿದ್ದರೆ ಟೈರಿನ ಕೆಳಗೆ ಹಲಗೆ ಕೊಡಿ, ಇಲ್ಲದಿದ್ದರೆ ಚೈನು ನೆಲಕ್ಕೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯ ಕಲ್ಲು ಇಳಿಸಿಡಿ. ನಿಂತ ಗಾಡಿಗೆ ಅಷ್ಟು ಭಾರ ಒಳ್ಳೆಯದಲ್ಲ.

ಜೇಬ್


ಕಾಲಿಯೋ ಹಾರ್ಬರ್
25 ಫೆಬ್ರವರಿ

ಜೇಬ್ ಅವರಿಗೆ,

ಟ್ರ್ಯಾಕ್ಟರ್ ನಿಂತಿಲ್ಲ. ಹಲಗೆ ಬೇಕಾಗಿಲ್ಲ.

ಸಭೆಯ ಮಾರನೆಯ ದಿನ ಹಿಮ ಬಿತ್ತು. ಕಿಟಕಿಯಲ್ಲಿ ಕುಳಿತು ನೋಡಿದೆ. ಅದರ ಮರುದಿನವೂ ಬಿತ್ತು. ನಿಮ್ಮ ಕಡೆಯ ರಸ್ತೆ ಮುಚ್ಚಿಹೋಗಿ ನನ್ನ ಗೇಟೇ ಪ್ರಪಂಚದ ಕೊನೆಯಂತೆ ಕಂಡಿತು. ಆಗ ಯೋಚಿಸಿದೆ: ರಸ್ತೆ ಜೇಬ್ ಪೆನ್‌ಹೇಲನದಲ್ಲ. ನಾಳೆ ಆ ಮನೆಗೆ ಯಾರೇ ಬರಲಿ, ಯಾರೂ ಬಾರದಿರಲಿ, ಸಾರ್ವಜನಿಕ ರಸ್ತೆ ಸಾರ್ವಜನಿಕ ರಸ್ತೆಯೇ. ಒಬ್ಬ ಫೋನ್ ಮಾಡಿ ಬೇಡ ಎಂದರೆ ಇಲ್ಲವಾಗುವುದಕ್ಕೆ ಅದು ದಿನಾ ಮನೆಗೆ ಹಾಕುವ ಹಾಲಿನ ವರ್ತನೆಯಲ್ಲ. ಕೋಟು ಹಾಕಿಕೊಂಡು, ಮಂಡಿಯುದ್ದದ ಹಿಮದಲ್ಲಿ ನಡೆದು, ನಿಮ್ಮ ಕೊಟ್ಟಿಗೆಗೆ ಹೋದೆ. ಬುದ್ಧಿಯಿದ್ದಿದ್ದರೆ ಟ್ರ್ಯಾಕ್ಟರನ್ನು ನನ್ನ ಮನೆಯಲ್ಲೇ ನಿಲ್ಲಿಸುತ್ತಿದ್ದೆ. ಕೋಪ ಬಂದಾಗ ಬುದ್ಧಿ ಇರುವುದಿಲ್ಲ.

ಎಡಗಡೆಯ ಚೈನಿನ ಒಂದು ಅಡ್ಡಕೊಂಡಿ ಹರಿಯಿತು. ಹಸು ಕಟ್ಟುತ್ತಿದ್ದ ಹಳೆಯ ಸರಪಳಿಯ ಕೊಂಡಿ ಹಾಕಿ ಸರಿಮಾಡಿದೆ, ಹಿಡಿತ ಮೊದಲಿಗಿಂತ ಚೆನ್ನಾಗಿದೆ. ನವೆಂಬರಿನಲ್ಲಿ ನೀವು ಹೇಳಿದಂತೆ ದೂರ ತಳ್ಳಿದ್ದರಿಂದ ಇನ್ನೂ ಜಾಗವಿದೆ. ನಿಮ್ಮ ಅಂಗಳದಲ್ಲಿ ಲಾರಿ ತಿರುಗುವಷ್ಟು ಅಗಲ ಮಾಡುತ್ತಿದ್ದೇನೆ, ಅದೇ ಕಷ್ಟ. ಬೆನ್ನು ಹಿಡಿದುಕೊಂಡಿದೆ. ಶನಿವಾರ ಅಡುಗೆಮನೆಯಲ್ಲಿ ಬೋಗುಣಿಯ ನೀರಿನಲ್ಲಿ ಮೈ ತೊಳೆಯುವುದರಿಂದ ಬೆನ್ನಿಗೆ ಏನೂ ಸುಖವಿಲ್ಲ.

ಲಾರಿಯ ಪರೀಕ್ಷೆ ಮಾರ್ಚ್ ಆರನೇ ತಾರೀಖು.

ಲೆಂಪಿ


ಮೇಸಾ
3 ಮಾರ್ಚ್

ಲೆಂಪಿಯವರಿಗೆ,

ನಿಮ್ಮ ಕಾಗದ ಓದುತ್ತಿದ್ದ ನೋರೀನ್ ನಡುವೆ ನಿಲ್ಲಿಸಿದಳು.

“ಅಪ್ಪಾ, ಲೆಂಪಿ ಟೀಚರ್ ಯಾಕೆ ಬೋಗುಣಿಯಲ್ಲಿ ಸ್ನಾನ ಮಾಡ್ತಿದಾರೆ? ಸೌನಾಗೆ ಬೆಂಕಿಗಿಂಕಿ ಬಿತ್ತಾ?”

“ಬಿದ್ದಿದ್ರೆ ಬರೀತಿರ್ಲಿಲ್ವಾ.”

“ಸೌದೆ ಇಲ್ವೇನೋ.”

“ಅವರ ಹತ್ರ ಸೌದೆ ಇಲ್ದೇ ಇರುತ್ತಾ? ಹೋಗೇ.”

ಆಮೇಲೆ ನಿಮ್ಮ ಡಿಸೆಂಬರಿನ ಕಾಗದ ಹುಡುಕಿ ತೆಗೆದಳು. ಅವಳೇ ಹೇಳಿದಳು: “ಅಪ್ಪಾ, ಕಲ್ಲು.”

ಸೌನಾದ ಒಲೆಯ ಮೇಲಿನ ಕಲ್ಲುಗಳು. ನಿಮ್ಮ ಯಜಮಾನರು ಐನೋ ಮದುವೆಯಾದ ಬೇಸಿಗೆ ಸರೋವರದ ದಂಡೆಯಲ್ಲಿ ಒಂದೊಂದನ್ನೇ ತಟ್ಟಿ, ಸದ್ದು ಕೇಳಿ, ಕಾದಾಗ ಸಿಡಿಯದ್ದನ್ನೇ ಆರಿಸಿ ತಂದದ್ದು. ನಾನೂ ಎರಡು ಬುಟ್ಟಿ ಹೊತ್ತಿದ್ದೆ. ಅವು ಈಗ ನನ್ನ ಟ್ರ್ಯಾಕ್ಟರಿನ ಹಿಂದೆ ಗೋಣಿಯಲ್ಲಿವೆ ಅಲ್ಲವೇ? ಡಿಸೆಂಬರಿನಿಂದ ನಿಮ್ಮ ಸೌನಾ ತಣ್ಣಗಿದೆ. ಐನೋ ತೀರಿಕೊಂಡ ವಾರವೂ ನೀವು ಶನಿವಾರದ ಒಲೆ ತಪ್ಪಿಸಿರಲಿಲ್ಲ.

ರಸ್ತೆ ಹೋಗಲಿ. ಕಲ್ಲು ವಾಪಸು ಇಡಿ. ಈ ಕಾಗದ ಆರನೇ ತಾರೀಖಿಗೆ ಮೊದಲು ತಲುಪಿದರೆ, ದಯವಿಟ್ಟು.

ಜೇಬ್


ಕಾಲಿಯೋ ಹಾರ್ಬರ್
9 ಮಾರ್ಚ್

ಪ್ರಿಯ ಜೇಬ್,

ನಿಮ್ಮ ಕಾಗದ ಏಳನೆಯ ತಾರೀಖು ತಲುಪಿತು. ಟಪಾಲಿನವರಿಗೆ ಕೆಲವೊಮ್ಮೆ ನನ್ನ ಪರವಾದ ಬುದ್ಧಿಯೂ ಇರುತ್ತದೆ.

ಆರನೇ ತಾರೀಖು ಬೆಳಿಗ್ಗೆಯೂ ಹಿಮ ಬೀಳುತ್ತಿತ್ತು. ಮಂಡಳಿಯ ಚಾಲಕ ರೂಡಿ ಲಾರಿ ತಂದಿದ್ದ, ಪಕ್ಕದಲ್ಲಿ ಡ್ವೇನ್. ನಾನು ಮುಂದೆ ಟ್ರ್ಯಾಕ್ಟರಿನಲ್ಲಿ, ಅವರು ನನ್ನ ಹಿಂದೆ. ನಿಮ್ಮ ಮನೆಯ ಏರಿನಲ್ಲಿ ನನ್ನ ಚಕ್ರ ಒಮ್ಮೆ ಗಿರ್ರೆಂದಿತು. ಹಿಂದೆ ಕಲ್ಲುಗಳು ಕಟಕಟ ಎಂದವು, ಚೈನು ಕಚ್ಚಿತು, ಹತ್ತಿದೆ. ರೂಡಿಯ ಲಾರಿ ಅಲ್ಲೇ ನಿಂತು ಜಾರತೊಡಗಿತು.

ರೂಡಿ ಕಿಟಕಿಯಿಂದ ತಲೆ ಹಾಕಿ ಕೂಗಿದ: “ಟೀಚರ್, ಏನ್ ಹಾಕಿದೀರಿ ಆ ಪೆಟ್ಟಿಗೇಲಿ?”

“ನಿನ್ನ ಅಧ್ಯಕ್ಷರು ಕೊಡದೇ ಇದ್ದ ಮರಳಿನ ಬದಲಿ!”

ಏರಿಗೆ ಎರಡು ಬಕೆಟ್ ಬೂದಿ ಎರಚಿದೆ. ಡ್ವೇನ್ ಇಳಿದು ಬಂದು, ಮೂರನೆಯ ಬಕೆಟ್ ತಾನೇ ಎರಚಿದ. ಲಾರಿ ಹತ್ತಿತು. ನಿಮ್ಮ ಅಂಗಳದಲ್ಲಿ ಒಂದೇ ಸಲಕ್ಕೆ ತಿರುಗಿತು, ನಿಮ್ಮ ಟಪಾಲು ಪೆಟ್ಟಿಗೆಗೆ ಗೇಣು ಜಾಗ ಬಿಟ್ಟು.

ರಸ್ತೆ ಹಿಮ ತೆಗೆಯುವ ಪಟ್ಟಿಯಲ್ಲಿ ಉಳಿಯಿತು. ಒಂದು ಷರತ್ತು ಹಾಕಿದ್ದಾರೆ, ಮುಂದಿನ ನವೆಂಬರಿಗೆ ಆ ತುಂಡಿನಲ್ಲಿ ಯಾರಾದರೂ ವಾಸವಿರಬೇಕು. ಅದು ನನ್ನ ಕೈಯಲ್ಲಿಲ್ಲ. ಟ್ರ್ಯಾಕ್ಟರಿನಿಂದ ಆಗುವಷ್ಟು ಮಾಡಿದ್ದೇನೆ. ಮನೆ ಮಾರುವುದಾದರೆ ಕೊಳ್ಳುವವರ ಲಾರಿಯೂ ಈಗ ಬಾಗಿಲವರೆಗೆ ಬರುತ್ತದೆ.

ಕಲ್ಲಿನ ವಿಷಯ: ಹೌದು. ಸೌನಾ ಯಾರೂ ಕದ್ದೊಯ್ಯುವುದಿಲ್ಲ, ಅಲ್ಲೇ ಇರುತ್ತದೆ. ರಸ್ತೆ ಹಾಗಲ್ಲ.

ಲೆಂಪಿ


ಮೇಸಾ
20 ಮಾರ್ಚ್

ಲೆಂಪಿಯವರಿಗೆ,

ಹೋದ ಶುಕ್ರವಾರ ಡ್ವೇನ್‌ಗೆ ಫೋನ್ ಮಾಡಿದೆ.

“ಏನಪ್ಪಾ, ಅಕ್ಟೋಬರ್‌ನಲ್ಲಿ ಹೇಳಿದ್ ಮಾತು ವಾಪಸ್ ತಗೋಬಹುದಾ?” ಅಂದೆ.

“ತಗೊಳ್ಳಿ ಜೇಬ್,” ಅಂದ. “ನಿಮ್ಮಿಂದಾಗಿ ರೂಡಿ ಮುಂದೆ ನಾನು ಬೂದಿ ಎರಚ್ಬೇಕಾಯ್ತು.”

ನೋರೀನ್ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಬಸ್ಸಿನ ಟಿಕೆಟ್ ತಂದುಕೊಟ್ಟು, “ಊರುಗೋಲು ಮರೆತು ಹೋದ್ರೆ ಅಲ್ಲಿಗೇ ಬಂದು ಬೈತೀನಿ” ಅಂದಳು. ಬರುವ ಚಳಿಗಾಲ ಮುಗಿಯುವವರೆಗೆ ಇರುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಅದರಾಚೆ ಮೊಣಕಾಲು ಹೇಳಿದ ಹಾಗೆ. ಮತ್ತೆ ಬಿದ್ದರೆ ಜಾರುಗಾಡಿ ಬೇಡ, ಹೇಗೂ ಆಂಬುಲೆನ್ಸಿಗೆ ದಾರಿ ಮಾಡಿದ್ದೀರಿ.

ಏಪ್ರಿಲ್ ಎರಡನೇ ವಾರ. ಡಬ್ಬಿ ಚೀಲದಲ್ಲಿ ಹಾಕಿಟ್ಟಿದ್ದೇನೆ.

ಜೇಬ್


ಕಾಲಿಯೋ ಹಾರ್ಬರ್
31 ಮಾರ್ಚ್

ಪ್ರಿಯ ಜೇಬ್,

ಕಲ್ಲುಗಳನ್ನು ತೊಳೆದು ಒಲೆಯ ಮೇಲೆ ಜೋಡಿಸಿದೆ. ಒಂದೂ ಒಡೆದಿಲ್ಲ. ನಿನ್ನೆ ಶನಿವಾರ ಒಲೆ ಹಚ್ಚಿದೆ. ಮೊದಲ ಚೊಂಬು ನೀರು ಸುರಿದಾಗ ಬಂದ ಹಬೆಯಲ್ಲಿ ಗೋಣಿಯ ವಾಸನೆಯಿತ್ತು, ಎರಡನೆಯದಕ್ಕೆ ಹೋಯಿತು. ಬೆನ್ನು ಸರಿಯಾಗಿದೆ.

ಇಲ್ಲಿ ಹಿಮ ಇನ್ನೂ ಮುಗಿದಿಲ್ಲ. ಇವತ್ತು ಬೆಳಿಗ್ಗೆಯೂ ಬಿತ್ತು. ಈ ಊರಿನಲ್ಲಿ ಮೇ ತಿಂಗಳನ್ನೂ ನಂಬುವ ಹಾಗಿಲ್ಲ ಎಂದು ನಿಮಗೇ ಗೊತ್ತು. ಚರ್ಚಿನಿಂದ ಬಂದು ಟ್ರ್ಯಾಕ್ಟರ್ ತೆಗೆದೆ. ನಿಮ್ಮ ಮನೆಯ ಏರಿನಲ್ಲಿ ಚಕ್ರ ಜಾರಿತು, ಹತ್ತಲಿಲ್ಲ. ಅರ್ಧದಿಂದ ವಾಪಸು ಬಂದೆ.

ರೂಡಿಗೆ ವಿಷಯ ತಿಳಿದು ಮಂಡಳಿಯ ಅಂಗಳದಿಂದ ಎರಡು ಚೀಲ ಮರಳು ತಂದು ಗೇಟಿನಲ್ಲಿ ಇಳಿಸಲು ನೋಡಿದ. ಬೇಡ, ವಾಪಸು ಒಯ್ಯಿ ಎಂದೆ.

ಪೆಟ್ಟಿಗೆಯನ್ನು ಗುಡಿಸಿ, ಮೇಲೆ ಕಂಬಳಿ ಹಾಸಿದ್ದೇನೆ. ಬಸ್ಸು ಇಳಿದವರೇ ನೇರ ನನ್ನ ಗೇಟಿಗೆ ಬನ್ನಿ. ನಾನು ಓಡಿಸುತ್ತೇನೆ, ನೀವು ಹಿಂದೆ ಕೂತುಕೊಳ್ಳಿ. ದಾರಿಯುದ್ದಕ್ಕೂ ಬೈಯಬಹುದು.

ಲೆಂಪಿ